ಹೆಸರಿಲ್ಲದೆ ಬಂದ ತಂತಿ

1978ರಲ್ಲಿ ನಾನು ಪಾವಗಡ ತಾಲ್ಲೂಕಿನ ಒಂದು ಹೋಬಳಿಯಲ್ಲಿ ಪೋಸ್ಟ್ ಮಾಸ್ಟರ್. ನಮಗೆ ಬರುವ ತಂತಿಗಳನ್ನು ತಾಲ್ಲೂಕು ತಂತಿ ಕಚೇರಿಯ ನಂಜಪ್ಪನವರು ಫೋನಿನಲ್ಲಿ ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಆ ವರ್ಷದ ಮೊದಲಲ್ಲಿ ಯಾರೋ ಪುಂಡರು ಹೆಸರು ಹಾಕದೆ ಸುಳ್ಳು ಸಾವಿನ ತಂತಿ ಕಳುಹಿಸಿ, ಬದುಕಿದ್ದವನ ಮನೆಯಲ್ಲಿ ಗೋಳಾಟ ಎಬ್ಬಿಸಿದ್ದರು. ಮೇಲಧಿಕಾರಿಯಿಂದ ನನಗೆ ಮಂಗಳಾರತಿಯಾಯಿತು. ಅಂದಿನಿಂದ ಕಳುಹಿಸಿದವರ ಹೆಸರಿಲ್ಲದ ತಂತಿಯನ್ನು ಮುಟ್ಟುವುದಿಲ್ಲವೆಂದು ನನ್ನದೇ ಒಂದು ಕಾನೂನು ಮಾಡಿಕೊಂಡೆ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಒಂದು ಸೋಮವಾರ ಕುರಿ ಕಾಯುವವರ ಮನೆಯ ಕರಿಯಮ್ಮ ಬಂದರು. ಅವರ ಅತ್ತೆ ಇವತ್ತೋ ನಾಳೆಯೋ ಎಂಬಂತಿದ್ದರು; ಮಗನ ಕೈಯಲ್ಲೇ ನೀರು ಕುಡಿದು ಹೋಗಬೇಕೆಂಬುದು ಮುದುಕಿಯ ಹಟ. ಮಗ, ಅಂದರೆ ಕರಿಯಮ್ಮನ ಗಂಡ, ಮಂದೆ ಹೊಡೆದುಕೊಂಡು ಕೊಳಾಲದ ಕಡೆ ಹೋಗಿದ್ದ. ಅಲ್ಲಿನ ಒಂದು ಅಂಗಡಿಯ ವಿಳಾಸಕ್ಕೆ ತಂತಿ ಕೊಟ್ಟೆವು.

ಮಂಗಳವಾರ ನಂಜಪ್ಪನವರ ಫೋನ್ ಬಂತು, ಒಂದು ತಂತಿ ಇದೆ ಎಂದರು.

"ಯಾರು ಕಳುಹಿಸಿದ್ದು?" ಎಂದೆ.

"ಹೆಸರಿಲ್ಲ ಕಣಯ್ಯ, ಇದು..."

"ಹಾಗಾದರೆ ನನಗೆ ಬೇಡ." ಫೋನಿಟ್ಟೆ. ಬುಧವಾರವೂ ಅದೇ ಆಯಿತು.

ಅಷ್ಟು ದಿನವೂ ಕರಿಯಮ್ಮ ನಮ್ಮ ಜಗಲಿಯಲ್ಲೇ ಕೂತಿದ್ದರು. ಕಚೇರಿಗೆ ಇದ್ದದ್ದು ಒಂದೇ ಬಾಗಿಲು. ನೀರಿಗೆ ಎದ್ದರೂ ಅವರನ್ನು ದಾಟಿಯೇ ಹೋಗಬೇಕು.

"ಜವಾಬು ಬಂತಾ ಸ್ವಾಮಿ?"

"ಬಂದಿಲ್ಲ ಕಣಮ್ಮ."

ಉತ್ತರ ಬಂದೀತೆಂದು ಅವರು ಏಳುವಂತಿರಲಿಲ್ಲ, ಅವರ ಮುಖ ನೋಡಿಕೊಂಡು ನಾನು ಕೂರುವಂತಿರಲಿಲ್ಲ.

ಗುರುವಾರ ಬೆಳಿಗ್ಗೆ ನಂಜಪ್ಪನವರು ನನಗೆ ಬಾಯಿ ತೆರೆಯಲೂ ಬಿಡಲಿಲ್ಲ. "ಲೇ, ಫೋನ್ ಇಟ್ಟೀಯ! ನಿನ್ನ ತಂತಿ ತಲುಪಿಲ್ಲ ಅನ್ನೋ ವರದಿ ಕಣಯ್ಯ ಇದು. ಆಸಾಮಿ ಶಿರಾ ಕಡೆ ಹೋಗವ್ನಂತೆ. ಇಂಥದಕ್ಕೆ ಹೆಸರು ಹಾಕಲ್ಲ. ಹಾಕುದ್ರೆ, ಇದು ತಲುಪದಿದ್ದಾಗ ಇದೂ ತಲುಪಿಲ್ಲ ಅಂತ ಆ ಹೆಸರಿಗೆ ಇನ್ನೊಂದು ವರದಿ ಕಳಿಸ್ಬೇಕು, ಆಮೇಲೆ ಅದಕ್ಕೂ ಒಂದು. ಎರಡು ಕಚೇರೀನೂ ಜನ್ಮವೆಲ್ಲ ಅದೇ ಮಾಡ್ಕೊಂಡು ಕೂರ್ಬೇಕಾ?"

ಇಲಾಖೆಯ ನಿಯಮದಲ್ಲೇ ಅದಿತ್ತು. ನಾನು ಓದಿರಲಿಲ್ಲ.

ನಾಚಿಕೆಯಿಂದ ಕುಗ್ಗಿಹೋದೆ. ಹೊರಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಕರಿಯಮ್ಮ ಬೈಯಲಿಲ್ಲ.

"ಅಲ್ಲಿಲ್ಲ ಅಂತ ಅವತ್ತೇ ಒಂದ್ ಮಾತು ಅಂದಿದ್ರೆ ನಾನೇ ವೋಗಿ ಹುಡುಕ್ತಿದ್ನಲ್ಲ ಸ್ವಾಮಿ," ಎಂದು ಸೆರಗು ಕೊಡವಿ ಎದ್ದು ಶಿರಾ ಬಸ್ಸು ಹತ್ತಿದರು.

ಗಂಡನನ್ನು ಕರೆದುಕೊಂಡು ಬಂದದ್ದು ಶುಕ್ರವಾರ ಮಧ್ಯಾಹ್ನ. ಮುದುಕಿ ಅಂದು ಬೆಳಗಿನ ಜಾವವೇ ಹೋಗಿಬಿಟ್ಟಿದ್ದರು. ಮಂಗಳವಾರ ನಾನು ಆ ಫೋನ್ ಇಡದಿದ್ದರೆ ಆತ ಬುಧವಾರವೇ ಅವ್ವನ ಬಾಯಿಗೆ ನೀರು ಬಿಡುತ್ತಿದ್ದ.

ತಲುಪಲಿಲ್ಲ ಎಂಬುದೂ ಒಂದು ಸುದ್ದಿಯೇ ಎಂದು ನಾನು ಕಲಿತದ್ದು ಹೀಗೆ. ನಿವೃತ್ತಿಯಾಗುವವರೆಗೂ ಫೋನ್ ಬಂದಾಗ ಯಾರು ಕಳುಹಿಸಿದ್ದೆಂದು ಮೊದಲು ಕೇಳಲಿಲ್ಲ. ಯಾರು ಕಾಯುತ್ತಿದ್ದಾರೆ ಎಂದು ಜಗಲಿಯ ಕಡೆ ನೋಡುತ್ತಿದ್ದೆ.