ಡ್ಯಾನಿಲೋ ಕಲಿಸಿದ ಶುಂಠಿ ಗಂಜಿ

ಒಮಾನ್ ದೇಶದ ದುಕ್ಮ್‌ನ ಲೇಬರ್ ಕ್ಯಾಂಪಿನಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಮಾಡುವ ಉಳ್ಳಾಲದ ಪೊಡಿಯಬ್ಬನಿಗೆ ಶುಂಠಿ ಗಂಜಿ ಕಲಿಸಿದವನು ಫಿಲಿಪೀನ್ಸಿನ ವೆಲ್ಡರ್ ಡ್ಯಾನಿಲೋ. ಅಕ್ಕಿ, ಕೋಳಿ, ಕೈತುಂಬ ಶುಂಠಿ ಹಾಕಿ ಮೆತ್ತಗೆ ಬೇಯಿಸಿ, ಮೇಲೆ ಹುರಿದ ಬೆಳ್ಳುಳ್ಳಿ, ನಾಲ್ಕು ಹನಿ ಸೋಯಾ ಸಾಸ್. ಅಷ್ಟೇ. ಶೀತ, ಮೈಕೈ ನೋವು ಎಂದವರೆಲ್ಲ ಅಡುಗೆಮನೆಯ ಬಾಗಿಲಿಗೆ ಬರತೊಡಗಿದರು. ಕಂಪನಿಗೆ ಇದಕ್ಕಿಂತ ಅಗ್ಗದ ಆಸ್ಪತ್ರೆ ಎಲ್ಲಿ ಸಿಕ್ಕೀತು?

ಜೂನ್ ತಿಂಗಳ ಬಿಸಿಲಿಗೆ ಡ್ಯಾನಿಲೋನೇ ಜ್ವರ ಬಂದು ಮಲಗಿದ. ಉಳ್ಳಾಲದ ಕಡೆಯವನೇ ಆದ ಸೂಪರ್‌ವೈಸರ್ ಕೋಣೆಯ ಬಾಗಿಲಲ್ಲೇ ನಿಂತು ನೋಡಿದ.

“ನಿಮ್ಮ ಗಂಜಿ ಕೊಡಿ ಮಾರಾಯ್ರೆ, ಖಲಾಸ್. ನಾಳೆ ಎದ್ದು ಕೂರ್ತಾನೆ.”

“ಆಯ್ತು ಸರ್, ನಾನು ನೋಡಿಕೊಳ್ತೇನೆ,” ಎಂದ ಪೊಡಿಯಬ್ಬ, ತುಸು ಹೆಮ್ಮೆಯಿಂದಲೇ. ಗೇಟಿನಲ್ಲಿ ಕಂಪನಿಯ ನಾಲ್ಕು ಬಸ್ಸುಗಳು ನಿಂತಿದ್ದವು.

ಮೂರನೆಯ ದಿನ ಡ್ಯಾನಿಲೋ ಒಂದು ಚಮಚ ಬಾಯಿಗಿಟ್ಟು ಮುಖ ತಿರುಗಿಸಿದ. “ಅದ್ರಕ್ ಕಮ್ ಹೈ, ಭಾಯ್,” ಎಂದು ನಗಲು ನೋಡಿದ. ಶುಂಠಿ ಕಡಿಮೆಯಾಯಿತಂತೆ! ತಮಾಷೆ ಮಾಡುತ್ತಿದ್ದಾನಲ್ಲ, ಇನ್ನು ಭಯವಿಲ್ಲ ಎಂದುಕೊಂಡ ಪೊಡಿಯಬ್ಬ ಆಸ್ಪತ್ರೆಗೆ ಒಯ್ಯಲು ಬಸ್ಸಿನ ಡ್ರೈವರನ್ನು ಕರೆಯುವ ಬದಲು ಶುಂಠಿ ಜಜ್ಜಲು ಓಡಿದ. ಬಟ್ಟಲು ಹಿಡಿದು ಮರಳುವಷ್ಟರಲ್ಲಿ ಗೆಳೆಯನ ಉಸಿರು ನಿಂತಿತ್ತು.

ಕಾಗದದಲ್ಲಿ ‘ಸಹಜ ಸಾವು’ ಎಂದು ಬರೆದರು. ಸಹಜವಂತೆ!

ಅಂದಿನಿಂದ ಪೊಡಿಯಬ್ಬ ಶುಂಠಿ ಮುಟ್ಟಿಲ್ಲ. ಮೊನ್ನೆ ಅದೇ ಸೂಪರ್‌ವೈಸರ್ ಸೀನುತ್ತಾ ಬಂದ.

“ಪೊಡಿಯಬ್ಬಾಕ, ಆ ಶುಂಠಿ ಗಂಜಿ ಉಂಟಾ?”

“ಇಲ್ಲ ಸರ್. ಹೊರಗೆ ಬಸ್ ಉಂಟು. ಆಸ್ಪತ್ರೆಗೆ ಹೋಗಿ.”

ಅವನು ಹೋದ ಮೇಲೆ ಪೊಡಿಯಬ್ಬ ತನ್ನ ಬೆರಳುಗಳನ್ನು ಮೂಸಿ ನೋಡಿದ. ಆಮೇಲೆ ನಲ್ಲಿ ತಿರುಗಿಸಿ, ಸೋಪು ಹಚ್ಚಿ, ಇನ್ನೊಮ್ಮೆ ತೊಳೆದುಕೊಂಡ.