ಸಿಟ್ಟಿನ ದೃಶ್ಯದಲ್ಲಿ ನಾಲ್ಕನೇ ರೊಟ್ಟಿ

ಸಿಟ್ಟಿದ್ದ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂಬಂಥ ಒಂದು ಸಾಲನ್ನು ಎಲ್ಲೋ ಓದಿದ ನೆನಪು. ನಿಜವಾ ಗೆಳೆಯರೇ? ನನಗೆ ಇವತ್ತಿನಿಂದ ಅನುಮಾನ.

ದೊಡ್ಡ ಕಂಪನಿಯ ಸಿನಿಮಾಗಳಲ್ಲಿ ಸಹಾಯಕ ನಿರ್ದೇಶಕಿಯಾಗಿದ್ದ ನನ್ನ ತಂಗಿಯ ಮಗಳು ಸಹನಾ ಈಗ ತನ್ನದೇ ಪುಟ್ಟ ಸಿನಿಮಾ ಮಾಡುತ್ತಿದ್ದಾಳೆ. ಪಿ.ಜೆ. ಬಡಾವಣೆಯ ನಮ್ಮ ಅಡುಗೆಮನೆಯೇ ಸೆಟ್ಟು, ಪಕ್ಕದ ಮನೆ ಗಿರಿಜಕ್ಕನೇ ತಾಯಿಯ ಪಾತ್ರ. ಇಂದು ಕೊನೆಯ ದೃಶ್ಯ: ಮಗಳ ಮೇಲೆ ಮುನಿದ ತಾಯಿ ಊಟ ಬಡಿಸದೆ ಎದ್ದು ಹೋಗಬೇಕು. ಬಾಡಿಗೆಯ ಕ್ಯಾಮೆರಾ ಸಂಜೆಯೊಳಗೆ ಹರಿಹರಕ್ಕೆ ವಾಪಸ್ಸು ಹೋಗಬೇಕು.

ಗಿರಿಜಕ್ಕ ಚೆನ್ನಾಗಿಯೇ ಸಿಡುಕಿದರು. ಆದರೆ ಏಳುವ ಮುಂಚೆ ಮಗಳ ತಟ್ಟೆಗೊಂದು ರೊಟ್ಟಿ ಹಾಕಿದರು. ತಟ್ಟೆ ಖಾಲಿಯಾಗಲೆಂದು ಅದನ್ನು ತಿನ್ನಿಸಿ ಮತ್ತೆ ಶುರು ಮಾಡಿದರೆ ಮತ್ತೊಂದು.

"ಆಂಟಿ, ಬಡಿಸಬಾರದು!" ಸಹನಾ ಕೂಗಿದಳು.

"ಗೊತ್ತೈತವ್ವ, ಕೈ ನನ್ನ ಮಾತು ಕೇಳಂಗಿಲ್ಲ."

ನಾಲ್ಕನೇ ರೊಟ್ಟಿ ಬಿದ್ದಾಗ ಮಗಳ ಪಾತ್ರದ ಹುಡುಗಿ ಅದನ್ನು ತಿನ್ನುತ್ತಲೇ ನಿಜಕ್ಕೂ ಅತ್ತುಬಿಟ್ಟಳು. ಸಹನಾ ಕ್ಯಾಮೆರಾ ನಿಲ್ಲಿಸಲಿಲ್ಲ.

"ಆ ಕಂಪನಿಲಾಗಿದ್ರೆ ಆಂಟಿನೇ ಬದಲಾಯಿಸ್ತಿದ್ರು ದೊಡ್ಡಮ್ಮ, ನಾನು ಕಥೆನೇ ಬದಲಾಯಿಸ್ತೀನಿ!" ಎಂದು ಆಮೇಲೆ ಕುಣಿದಳು.

ಹೊರಟ ಗಿರಿಜಕ್ಕ ಬಾಗಿಲಲ್ಲಿ ನಿಂತು ಹೇಳಿದರು: "ಮಾತು ಬಿಟ್ರೂ ಊಟಕ್ಕೆ ಹಾಕೋದು ಬಿಡ್ತಾರೇನ್ರಿ? ಪಾಪ, ಪಲ್ಯ ಇಲ್ದೆ ನಾಕು ರೊಟ್ಟಿ ತಿಂದೈತೆ ಕೂಸು. ನಾಳೆ ಕರಕೊಂಡು ಬರ್ರಿ, ಬದನೆಕಾಯಿ ಎಣಗಾಯಿ ಮಾಡ್ತೀನಿ."