ಕಂಡಕ್ಟರ್ ನೆತ್ತಿಯ ಎತ್ತರ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೇ. ಒಬ್ಬಳು ಅವನ ಹೆಂಡತಿ, ಇನ್ನೊಬ್ಬ ಕರೆಂಟ್ ಬಿಲ್ ತರುವವನು. ಮಿಕ್ಕವರಿಗೆಲ್ಲ ಅವನು ಗೆರೆಯಪ್ಪ. ಕತ್ತಿನ ಹಿಂದೆ ಕೂದಲು ಮುಗಿಯುವ ಕಡೆ ಅವನು ಎಳೆಯುತ್ತಿದ್ದ ಗೆರೆ ಅಷ್ಟು ನೇರ. ಪಂದ್ಯ ಕಟ್ಟಿ ಸ್ಕೇಲ್ ಇಟ್ಟು ನೋಡಿ ಸೋತವರೂ ಇದ್ದರು. ಒಂದೇ ಕುರ್ಚಿ, ಒಂದೇ ಕನ್ನಡಿಯ ಆ ಕಟಿಂಗ್ ಶಾಪಿನಲ್ಲಿ ಮೂವತ್ತು ವರ್ಷ ನಿಂತೇ ಕಳೆದಿದ್ದ. ಕೆಲಸ ಕಲಿಸಿದ ಸೋದರಮಾವ ಒಂದೇ ಬುದ್ಧಿ ಹೇಳಿದ್ದ: ಬಾಯಿ ಎಷ್ಟು ಬೇಕಾದರೂ ಆಡಲಿ, ಕೈ ಮಾತ್ರ ಅಲ್ಲಾಡಬಾರದು. ಗೆರೆಯಪ್ಪ ಎರಡನ್ನೂ ಚಾಚೂ ತಪ್ಪದೆ ಪಾಲಿಸಿದ.

ಅವನ ಗಿರಾಕಿಗಳಲ್ಲೆಲ್ಲ ದೊಡ್ಡ ಪರೀಕ್ಷೆಯೆಂದರೆ ಕಂಡಕ್ಟರ್. ಬಸ್ಸಿನ ಚಾವಣಿಗೆ ತಲೆ ತಗುಲಿಸಿಕೊಂಡೇ ಟಿಕೆಟ್ ಹರಿದು ಸವೆದ ಉದ್ದನೆಯ ಆಸಾಮಿ. ಗೆರೆಯಪ್ಪನೋ ಕುಳ್ಳ. ಕಂಡಕ್ಟರ್ ಕುರ್ಚಿಯಲ್ಲಿ ಕೂತರೂ ಅವನ ನೆತ್ತಿ ಗೆರೆಯಪ್ಪನ ಹಣೆಯ ಮಟ್ಟಕ್ಕೆ ಬರುತ್ತಿತ್ತು. ತಿಂಗಳಿಗೊಮ್ಮೆ ಬರುವ, ಹೆಚ್ಚು ಮಾತಾಡದ ಮನುಷ್ಯ. ಕೆಲಸ ಮುಗಿದು ಗೆರೆಯಪ್ಪ ಹಿಂದಿನಿಂದ ಚಿಕ್ಕ ಕನ್ನಡಿ ಹಿಡಿದಾಗ, ತನ್ನ ಕತ್ತನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿ, ಬಸ್ಸಿಗೆ ಹೇಳುವ ಹಾಗೆಯೇ "ರೈಟ್" ಎಂದು ಎದ್ದು ಹೋಗುತ್ತಿದ್ದ. ಆ ಒಂದು ಮಾತು ಕೇಳಿದ ದಿನ ಗೆರೆಯಪ್ಪ ಮನೆಗೆ ಹೋಗಿ ಹೆಂಡತಿಗೆ ಹೇಳದೆ ಇರುತ್ತಿರಲಿಲ್ಲ. ಹೆಂಡತಿ ಕೇಳಿಸಿಕೊಂಡಂತೆ ನಟಿಸದೆ ಇರುತ್ತಿರಲಿಲ್ಲ.

ಹೀಗಿದ್ದವನು ಒಂದು ಬೆಳಗ್ಗೆ ಕನ್ನಡಿಯ ಮೇಲಂಚಿನ ಧೂಳು ಒರೆಸಲು ಸ್ಟೂಲ್ ಹತ್ತಿದ. ಸ್ಟೂಲಿನ ಒಂದು ಕಾಲು ಮೊದಲಿನಿಂದಲೂ ಕುಂಟು, ಅದು ಅವನಿಗೂ ಗೊತ್ತು. ಬೀಳುವಾಗ ಬಲಗೈಯಲ್ಲಿ ಗೋಡೆಯ ಶೆಲ್ಫ್ ಹಿಡಿದುಕೊಂಡ. ಮೈ ಕೆಳಗೆ ಬಂತು, ಕೈ ಮೇಲೇ ಉಳಿಯಿತು. ಭುಜದೊಳಗೆ ಏನೋ ಚಳಕ್ಕೆಂದಿತು.

ಮೂಳೆಗೇನೂ ಆಗಿಲ್ಲ, ಸ್ನಾಯು ಎಳೆದಿದೆ ಎಂದರು ಡಾಕ್ಟರು. ಹತ್ತು ದಿನ ಕೈಯನ್ನು ಜೋಳಿಗೆಯಲ್ಲಿಟ್ಟು ಕತ್ತಿಗೆ ನೇತುಹಾಕಿಕೊಳ್ಳಿ, ಆಮೇಲೆ ಫಿಸಿಯೋಥೆರಪಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಮಾತಿನ ಮೊದಲರ್ಧ ಗೆರೆಯಪ್ಪನ ಕಿವಿಗೆ ಬಿತ್ತು, ಉಳಿದರ್ಧ ಆಸ್ಪತ್ರೆಯ ಬಾಗಿಲಲ್ಲೇ ಉಳಿಯಿತು. ದಿನವಿಡೀ ಕೈ ಆಡಿಸುವವನಿಗೆ ಕೈ ಆಡಿಸುವುದನ್ನು ಇನ್ನೊಬ್ಬರು ಹೇಳಿಕೊಡಬೇಕೇ? ಹತ್ತು ದಿನದ ವಿಶ್ರಾಂತಿ ಒಳ್ಳೆಯದಾದರೆ ನಲವತ್ತು ದಿನದ್ದು ನಾಲ್ಕು ಪಟ್ಟು ಒಳ್ಳೆಯದೆಂದು ತಾನೇ ತೀರ್ಮಾನಿಸಿ, ಅಂಗಡಿಗೆ ಬೀಗ ಹಾಕಿ, ಜೋಳಿಗೆಯಲ್ಲಿ ಮಗುವನ್ನಿಟ್ಟುಕೊಂಡವನಂತೆ ಕೈಯನ್ನು ಜೋಪಾನ ಮಾಡಿದ. ನಲವತ್ತನೆಯ ದಿನ ಬಿಚ್ಚಿ ಕೈ ಎತ್ತಿದರೆ ಅದು ಎದೆಯವರೆಗೆ ಬಂದು ನಿಂತುಬಿಟ್ಟಿತು. ಕೈಕೊಟ್ಟಿತು ಎನ್ನುತ್ತೇವಲ್ಲ, ಅವನ ಪಾಲಿಗೆ ಅದು ಬರೀ ಮಾತಾಗಿರಲಿಲ್ಲ.

ಅವನು ಯಾರಿಗೂ ಹೇಳಲಿಲ್ಲ. ಅಂಗಡಿ ತೆರೆದ. ಕೈ ತಲೆಯ ತನಕ ಏರದಿದ್ದರೆ ತಲೆಯನ್ನೇ ಕೈಯ ತನಕ ಇಳಿಸಿದರಾಯಿತು ಎಂದುಕೊಂಡ. ಕುರ್ಚಿಯನ್ನು ಕೊನೆಯ ಹಲ್ಲಿನವರೆಗೆ ಇಳಿಸಿದ. "ಸ್ವಲ್ಪ ತಲೆ ಬಗ್ಗಿಸಿ" ಎಂದ. ವಾರ ಕಳೆದ ಮೇಲೆ "ಇನ್ನೂ ಸ್ವಲ್ಪ" ಎಂದ. ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು ಹಲ್ಲು ಕಚ್ಚಿ ಕತ್ತರಿ ಆಡಿಸಿದ. ಗಿರಾಕಿಗಳ ಗಲ್ಲ ಎದೆಗೆ ಅಂಟಿತು. ಎದುರು ಬದಿಯ ಫೋಟೋ ಸ್ಟುಡಿಯೋದವನು ತಲೆ ತಗ್ಗಿಸಿಕೊಂಡೇ ಕೇಳಿದ: "ಗೆರೆಯಪ್ಪ, ನಾನು ಕಟಿಂಗಿಗೆ ಬಂದಿದ್ದೀನೋ, ತಪ್ಪು ಒಪ್ಕೊಳ್ಳೋಕೆ ಬಂದಿದ್ದೀನೋ?"

ಗೆರೆಯಪ್ಪ ನಕ್ಕ. ಆ ನಗು ಎಷ್ಟು ಸುಳ್ಳೆಂದು ಅವನಿಗೊಬ್ಬನಿಗೇ ಗೊತ್ತಿತ್ತು.

ಆಮೇಲೆ ಕಂಡಕ್ಟರ್ ಬಂದ. ಪಾಪ, ಹೇಳಿದಷ್ಟೂ ಜಾರಿದ. ಮುಂದಿನ ಸ್ಟಾಪಿನಲ್ಲಿ ಇಳಿಯುವವನ ಹಾಗೆ ಕುರ್ಚಿಯ ತುದಿಗೆ ಬಂದ, ಮಂಡಿ ಎದುರಿನ ಗೂಡಿಗೆ ತಾಗಿತು, ಇನ್ನು ಜಾರಿದರೆ ನೆಲವೇ ಗತಿ. ಗೆರೆಯಪ್ಪನ ಭುಜ ಬೆಂಕಿಯಂತೆ ಉರಿಯುತ್ತಿತ್ತು. ಕೊನೆಗೆ ಚಿಕ್ಕ ಕನ್ನಡಿ ಹಿಡಿದ. ಕಂಡಕ್ಟರ್ ನೋಡಿದ. ಕತ್ತಿನ ಗೆರೆ ಎಡಗಡೆ ಒಂದು ಬೆರಳು ಕೆಳಗಿಳಿದಿತ್ತು. ಮೆಲ್ಲಗೆ ಎದ್ದು, ಜೇಬಿನಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡು, "ಬರ್ತೀನಿ" ಎಂದು ಹೋದ. ಬೈದಿದ್ದರೆ ಗೆರೆಯಪ್ಪ ತಡೆದುಕೊಳ್ಳುತ್ತಿದ್ದ.

ಅಂದು ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ.

"ಎರಡು ವಾರದಿಂದ ಎಡಗೈಲಿ ತಲೆ ಬಾಚ್ಕೋತಿದ್ದೀರ," ಎಂದಳು ಹೆಂಡತಿ. "ಶರ್ಟ್ ಹಾಕ್ಕೊಳ್ಳೋಕೆ ಬಚ್ಚಲುಮನೆ ಬಾಗಿಲು ಹಾಕ್ಕೋತೀರ. ನನ್ನ ಕಣ್ಣೇನು ಕಾಣ್ಸಲ್ವಾ?"

"ಕಂಡಕ್ಟರ್ ರೈಟ್ ಅನ್ಲಿಲ್ಲ ಕಣೇ," ಎಂದ ಅವನು. ಕತ್ತರಿ ಬಿಟ್ಟು ಬೇರೆ ಏನೂ ತಿಳಿಯದ ಕೈ ಅದು. ಇನ್ನು ಮೇಲೆ ಅದಕ್ಕೆ ತಲೆಯೇ ಎಟುಕದಿದ್ದರೆ ತಾನು ಯಾರು ಎಂಬುದೇ ಅವನಿಗೆ ತೋಚಲಿಲ್ಲ.

ಡಾಕ್ಟರು ಕೊಟ್ಟಿದ್ದ ಚೀಟಿಯನ್ನು ಅವಳು ಬೀರುವಿನಲ್ಲಿ ಎತ್ತಿಟ್ಟಿದ್ದಳು. ಮರುದಿನ ಬೆಳಗ್ಗೆ ಅದನ್ನೂ ಗಂಡನನ್ನೂ ಹಿಡಿದುಕೊಂಡು ಹೊರಟಳು.

ಫಿಸಿಯೋ ಮೇಡಂ ಕೋಣೆಯಲ್ಲಿ ಗೋಡೆಗೆ ರಬ್ಬರ್ ಪಟ್ಟಿಗಳು ನೇತಾಡುತ್ತಿದ್ದವು. ಮೂಲೆಯಲ್ಲಿ ಆಳೆತ್ತರದ ಕನ್ನಡಿ, ಒಂದಷ್ಟು ಕೋಲು, ಕೂರುವಷ್ಟು ದೊಡ್ಡ ಚೆಂಡುಗಳು. ಮಂಡಿ ನೋವಿನ ಅಜ್ಜಿಯೊಬ್ಬರು ಕುರ್ಚಿಯಲ್ಲಿ ಕೂತು ಕಾಲು ಚಾಚುತ್ತ, ಬಂದು ಹೋಗುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ಮೇಡಂಗೆ ಅವನ ಮಗಳ ವಯಸ್ಸು. ಅವನ ಕೈಯನ್ನು ಮೆತ್ತಗೆ ಹಿಡಿದು ಮೇಲಕ್ಕೆ, ಪಕ್ಕಕ್ಕೆ, ಬೆನ್ನ ಹಿಂದಕ್ಕೆ ತಿರುಗಿಸಿ ನೋಡಿದರು.

"ಗಾಯ ಆಗಲೇ ಮಾಗಿದೆ ಅಂಕಲ್. ಈಗಿರೋದು ಬಿಗಿತ. ಅಷ್ಟು ದಿನ ಅಲ್ಲಾಡಿಸದೇ ಇಟ್ರಲ್ಲ, ಕೀಲು ಹಿಡ್ಕೊಂಡ್ಬಿಟ್ಟಿದೆ, ಸ್ನಾಯು ಸೊರಗಿದೆ."

"ಬಿಡಿಸೋಕಾಗತ್ತಾ?"

"ಆಗತ್ತೆ. ಆದ್ರೆ ವಾರದಲ್ಲಲ್ಲ, ತಿಂಗಳುಗಳೇ ಬೇಕು. ಮಾಡೋದು ನೀವು, ದಾರಿ ತೋರಿಸೋದಷ್ಟೇ ನಾನು." ಆಮೇಲೆ ಫೈಲ್ ತೆಗೆದು ಕೇಳಿದರು: "ಈ ಕೈಯಿಂದ ನಿಮಗೆ ಏನಾಗ್ಬೇಕು? ನೋವು ಹೋಗ್ಬೇಕು ಅಂತ ಎಲ್ಲರೂ ಹೇಳ್ತಾರೆ, ಅದು ಬೇಡ. ಒಂದು ಕೆಲಸ ಹೇಳಿ."

ಗೆರೆಯಪ್ಪ ಯೋಚಿಸಲೂ ಇಲ್ಲ. "ಕಂಡಕ್ಟರ್ ನೆತ್ತಿ ಮುಟ್ಬೇಕು. ಅವರು ನೆಟ್ಟಗೆ ಕೂತಿರೋವಾಗ."

ಮೇಡಂ ನಗಲಿಲ್ಲ, ಅದನ್ನು ಹಾಗೆಯೇ ಬರೆದುಕೊಂಡರು. ಎಷ್ಟೆತ್ತರ ಎಂದು ಕೇಳಿದರು. ಅದೂ ಅವನಿಗೆ ಗೊತ್ತಿತ್ತು: ಕಂಡಕ್ಟರ್ ಕೂತಾಗ ನೆತ್ತಿ ಅಂಗಡಿಯ ಕನ್ನಡಿಯಲ್ಲಿ ಎಲ್ಲಿಗೆ ಬರುತ್ತದೆಂದು ಮೂವತ್ತು ವರ್ಷ ನೋಡಿದ್ದಾನೆ. ತನ್ನ ಹಣೆಯ ಮೇಲೆ ಬೆರಳಿಟ್ಟು ತೋರಿಸಿದ. ಮೇಡಂ ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅದೇ ಮಟ್ಟದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು ಪಕ್ಕದಲ್ಲಿ 'ಕಂಡಕ್ಟರ್' ಎಂದು ಬರೆದರು. ಅಂದಿನಿಂದ ಮಂಡಿ ನೋವಿನ ಅಜ್ಜಿ ಆ ಗೋಡೆಯ ಕಡೆ ಕಾಲು ಚಾಚುವುದನ್ನು ಬಿಟ್ಟರು. ಯಾರೋ ದೊಡ್ಡ ಮನುಷ್ಯರಿರಬೇಕೆಂದುಕೊಂಡರು.

ಪಾಠ ಶುರುವಾಯಿತು. ಮೊದಲು ಬಿಸಿನೀರಿನ ಚೀಲದ ಕಾವು. ಆಮೇಲೆ ಮೇಜಿಗೆ ಎಡಗೈ ಊರಿ ಬಾಗಿ, ಬಲಗೈಯನ್ನು ಸಡಿಲ ಬಿಟ್ಟು ಗಡಿಯಾರದ ಲೋಲಕದಂತೆ ತೂಗಾಡಿಸುವುದು. ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈ ಕೆಟ್ಟ ಕೈಯನ್ನು ಮೇಲೆತ್ತುವುದು. ಗೋಡೆಯ ಮೇಲೆ ಎರಡು ಬೆರಳುಗಳನ್ನು ನಡೆಸುತ್ತ ಹತ್ತಿಸುವುದು. ಎಷ್ಟು ನೋವು ತಡೆದುಕೊಳ್ಳಬೇಕು ಎಂದು ಅವನು ಕೇಳಿದ್ದಕ್ಕೆ ಮೇಡಂ ಹೇಳಿದರು: "ಎಳೆದ ಹಾಗಾಗಿ, ಕೈ ಇಳಿಸಿದ ಮೇಲೆ ಕಮ್ಮಿ ಆಗೋ ನೋವಿಗೆ ಹೆದರಬೇಡಿ. ಚುಚ್ಚಿ, ಮಾರನೇ ದಿನಕ್ಕೂ ಉಳಿಯೋ ನೋವು ಬಂದ್ರೆ ನಿಲ್ಸಿ, ನನಗೆ ಹೇಳಿ. ಶೂರತನ ತೋರಿಸ್ಬೇಡಿ."

ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಅವನು ಕನ್ನಡಿಯ ಪಕ್ಕದ ಗೋಡೆಯ ಮೇಲೆ ಬೆರಳು ನಡೆಸಿದ. ಬೆರಳು ಮುಟ್ಟಿದ ಕಡೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ಗೆರೆಗಳು ಏರಿದವು. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಕಂಡಕ್ಟರ್ ಎತ್ತರವನ್ನೇ ಮುಟ್ಟಿಬಿಟ್ಟ. ಹೆಂಡತಿಗೆ ಫೋನ್ ಮಾಡಿದ, ಸ್ಟುಡಿಯೋದವನಿಗೆ ಕೂಗಿ ಹೇಳಿದ, ಅಂಗಡಿ ಮುಚ್ಚಿ ಕಾಲು ನೆಲಕ್ಕೆ ತಾಗದವನ ಹಾಗೆ ಮೇಡಂ ಹತ್ತಿರ ಹೋದ.

"ಎಲ್ಲಿ, ತೋರ್ಸಿ," ಎಂದರು ಅವರು. ತೋರಿಸಿದ. ಬೆರಳು ಗೆರೆ ಮುಟ್ಟಿತು. ಅಜ್ಜಿ ಚಪ್ಪಾಳೆಯನ್ನೂ ತಟ್ಟಿದರು. ಮೇಡಂ ಮಾತ್ರ ಒಂದು ಸ್ಟೂಲ್ ಎಳೆದು, ಅವನನ್ನು ಗೋಡೆಗೆ ಬೆನ್ನು ಒತ್ತಿ ಕೂರಿಸಿ, ಭುಜದ ಮೇಲೆ ಅಂಗೈಯಿಟ್ಟು, "ಈಗ ಎತ್ತಿ" ಎಂದರು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅವನು ಇನ್ನೊಮ್ಮೆ ಎತ್ತಿದ. ಅಲ್ಲಿಗೇ ನಿಂತಿತು.

"ಕೈ ಏರಿರೋದು ಇಷ್ಟೇ ಅಂಕಲ್. ಮಿಕ್ಕಿದ್ದೆಲ್ಲ ನೀವು ಸೊಂಟ ವಾಲಿಸಿ, ಭುಜ ಕಿವಿಗೆ ತಂದು ಏರಿಸಿದ್ದು."

ಗೆರೆಯಪ್ಪನ ಮುಖ ಪೆಚ್ಚಾಯಿತು. "ಕನ್ನಡಿ ಮುಂದೇನೇ ನಿಂತು ಮಾಡಿದ್ದೀನಿ ಮೇಡಂ. ನನಗೆ ಕಾಣ್ಸಲಿಲ್ವಲ್ಲ."

"ಕನ್ನಡೀಲಿ ಯಾರನ್ನ ನೋಡ್ತಿದ್ರಿ?"

ನಿಜವಾಗಿಯೂ ಯಾರನ್ನು? ಮೂವತ್ತು ವರ್ಷ ದಿನವಿಡೀ ಕನ್ನಡಿಯ ಮುಂದೆ ನಿಂತವನು ನೋಡಿದ್ದೆಲ್ಲ ಕುರ್ಚಿಯಲ್ಲಿ ಕೂತವರ ತಲೆಯನ್ನು. ಗೆರೆ ನೇರ ಬರಲೆಂದು ತಾನು ಬಾಗುವುದು, ವಾಲುವುದು, ತುದಿಗಾಲಲ್ಲಿ ನಿಲ್ಲುವುದು ಕಸುಬಿನ ಭಾಗವೇ ಆಗಿಹೋಗಿತ್ತು. ಖಾಲಿ ಕುರ್ಚಿಯ ಹಿಂದೆ ನಿಂತಾಗಲೂ ಅವನ ಕಣ್ಣು ಬೆರಳಿನ ತುದಿಯಲ್ಲೇ ಇತ್ತು, ಆ ಬೆರಳಿನ ಹಿಂದಿದ್ದ ಮನುಷ್ಯನ ಮೇಲೆ ಇರಲಿಲ್ಲ. ಇದನ್ನು ಹೇಳಿದಾಗ ಮೇಡಂ ಮೊದಲ ಸಲ ನಕ್ಕರು, ಅವನಿಗೂ ನಗು ಬಂತು.

"ಒಂದು ಕೆಲಸ ಮಾಡಿ," ಎಂದರು. "ನಿಮ್ಮ ಕನ್ನಡಿ ಮೇಲೆ, ಎರಡೂ ಭುಜದ ಮಟ್ಟಕ್ಕೆ ಸೋಪಲ್ಲಿ ಒಂದು ಅಡ್ಡಗೆರೆ ಎಳೀರಿ. ಕೈ ಎತ್ತುವಾಗ ಭುಜ ಆ ಗೆರೆ ದಾಟಿದ್ರೆ ಅದು ಲೆಕ್ಕಕ್ಕಿಲ್ಲ."

ಗೆರೆಯ ವಿಷಯ ಬಂದರೆ ಅವನಿಗೆ ಹೇಳಿಕೊಡಬೇಕೇ? ಮರುದಿನ ಕನ್ನಡಿಯ ಮೇಲೆ ಕ್ಷೌರದ ಸೋಪಿನ ಗೆರೆ ಬಿತ್ತು, ಸ್ಕೇಲ್ ಇಟ್ಟು ನೋಡಿದರೂ ಸೋಲದಂಥದ್ದು. ಗೋಡೆಯ ಮೇಲಿನ ಹಳೆಯ ಗೆರೆಗಳನ್ನು ತಾನೇ ಉಜ್ಜಿ ಅಳಿಸಿದ. ಅಳಿಸುತ್ತ ಹೋದಂತೆ ಮನಸ್ಸು ಹಗುರವಾಯಿತು. ಇಷ್ಟು ದಿನ ಎಲ್ಲರಿಗೂ ಸುಳ್ಳು ಹೇಳಿ ಸಾಕಾಗಿತ್ತು, ಗೋಡೆಗಾದರೂ ನಿಜ ಹೇಳಬಹುದಲ್ಲ. ಗಿರಾಕಿಗಳಿಗೂ ಬಾಯಿಬಿಟ್ಟ: "ನನ್ನ ಕೈ ಏರ್ತಿಲ್ಲ, ರಿಪೇರಿ ನಡೀತಿದೆ. ಕತ್ತು ನೋವಾದ್ರೆ ಹೇಳಿ, ನಿಲ್ಲಿಸ್ತೀನಿ." ಯಾರೂ ಬೇರೆ ಅಂಗಡಿಗೆ ಹೋಗಲಿಲ್ಲ. ಸ್ಟುಡಿಯೋದವನಂತೂ ಕುರ್ಚಿಯಲ್ಲಿ ಕೂತಲ್ಲಿಂದಲೇ ಕಾವಲು ಕಾಯತೊಡಗಿದ: "ಗೆರೆಯಪ್ಪ, ಬಲ ಭುಜ ಗೆರೆ ದಾಟ್ತು."

ಏರಿಕೆ ಈಗ ಕಾಳಿನಷ್ಟು, ಕಾಳಿನಷ್ಟು. ರಬ್ಬರ್ ಪಟ್ಟಿ ಎಳೆಯುವ ಹಂತ ಬಂತು, ಸೊರಗಿದ್ದ ಸ್ನಾಯುವಿಗೆ ಬಲ ಬರಲೆಂದು. ನಡುವೆ ಒಂದು ಭಾನುವಾರ ಗುಂಪು ಸೇರಿತೆಂದು ಉತ್ಸಾಹದಲ್ಲಿ ಒಂದೇ ಸಮನೆ ಹತ್ತು ತಲೆ ಮುಗಿಸಿ, ಎರಡು ದಿನ ಭುಜ ಹಿಡಿದುಕೊಂಡು ಕೂತ. ಮೇಡಂ ಗದರಿ, ಎರಡು ತಲೆಗೊಮ್ಮೆ ಕೂರಬೇಕೆಂದು ಕಟ್ಟಳೆ ಹಾಕಿದರು. ಮೂರನೆಯ ತಿಂಗಳ ಒಂದು ಬೆಳಗ್ಗೆ ಹೆಂಡತಿ ಬಚ್ಚಲುಮನೆಯ ಬಾಗಿಲು ತೆರೆದೇ ಇರುವುದನ್ನು ಕಂಡಳು. ಒಳಗೆ ಅವನು ಬಲಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಅವಳು ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ನಿಂತು ಒಂದು ನಿಮಿಷ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾಲ್ಕನೆಯ ತಿಂಗಳು ಕಂಡಕ್ಟರ್ ಬಂದ. ಪ್ರತಿ ತಿಂಗಳೂ ಬಂದಿದ್ದ, ಬಗ್ಗಿದ್ದ, ಕನ್ನಡಿ ನೋಡಿ ಟೋಪಿ ಹಾಕಿಕೊಂಡು ಹೋಗಿದ್ದ. ಈ ಸಲವೂ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಯಾರೂ ಹೇಳುವ ಮೊದಲೇ ಕುರ್ಚಿಯ ತುದಿಗೆ ಜಾರಿ, ಗಲ್ಲವನ್ನು ಎದೆಗಿಟ್ಟ. ಪಾಪ, ಅಭ್ಯಾಸ ಆಗಿಹೋಗಿತ್ತು. ಕುರ್ಚಿ ಮತ್ತೆ ಮೊದಲಿನ ಎತ್ತರಕ್ಕೆ ಏರಿದ್ದನ್ನು ಅವನು ಗಮನಿಸಿರಲಿಲ್ಲ.

"ಹಿಂದಕ್ಕೆ ಬನ್ನಿ," ಎಂದ ಗೆರೆಯಪ್ಪ. "ನೆಟ್ಟಗೆ ಕೂತ್ಕೊಳ್ಳಿ. ತಲೆ ಎತ್ತಿ."

ಕಂಡಕ್ಟರ್ ಕನ್ನಡಿಯಲ್ಲಿ ಅವನ ಮುಖ ನೋಡಿದ. ಮೆಲ್ಲಗೆ ಹಿಂದೆ ಸರಿದು ಬೆನ್ನು ಒರಗಿಸಿದ. ನೆತ್ತಿ ಏರಿ ಏರಿ ತನ್ನ ಹಳೆಯ ಜಾಗಕ್ಕೆ ಬಂದು ನಿಂತಿತು. ಗೆರೆಯಪ್ಪನ ಕತ್ತರಿ ಹಿಡಿದ ಕೈ ಏರಿತು. ಭುಜ ಎಳೆಯಿತು, ಚುಚ್ಚಲಿಲ್ಲ. ಕನ್ನಡಿಯಲ್ಲಿ ಎರಡೂ ಭುಜ ಸೋಪಿನ ಗೆರೆಯ ಕೆಳಗೇ ಇದ್ದವು, ಮತ್ತು ಕೈ ಕಂಡಕ್ಟರ್ ನೆತ್ತಿಯ ಮೇಲಿತ್ತು. ನಡುವೆ ಒಮ್ಮೆ ಕೂತು ಸುಧಾರಿಸಿಕೊಂಡ. ಕಂಡಕ್ಟರ್ ಅವಸರ ಮಾಡಲಿಲ್ಲ.

ಕೊನೆಯಲ್ಲಿ ಕತ್ತಿನ ಗೆರೆ ಎಳೆದು, ಹೆಗಲ ಕೂದಲು ಕೊಡವಿ, ಗೆರೆಯಪ್ಪ ಹಿಂದಿನಿಂದ ಚಿಕ್ಕ ಕನ್ನಡಿ ಹಿಡಿದ. ಬಲಗೈಯಲ್ಲೇ ಹಿಡಿದ. ಕಂಡಕ್ಟರ್ ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ, ಇನ್ನೊಮ್ಮೆ ಆ ಕಡೆಯಿಂದ ನೋಡಿದ. ಆಮೇಲೆ ಎದ್ದು, ಟೋಪಿಯನ್ನು ಮಡಚಿ ಜೇಬಿಗೆ ತುರುಕಿಕೊಂಡ.

"ರೈಟ್," ಎಂದ.